ಪಾವತಿ ಕೇಳುವ ಜೊತೆಗಾರ

(ಪ್ರೇಷಿತ ಸಂತ ಬಾರ್ನಬರ ಸ್ಮರಣೆಯ ದಿನವಾದ ಜೂನ್ 11ರಂದು, ತುಬಚಿಯ ಕಡೆ ಒಂದು ಮನೆಯಂಗಳದಲ್ಲಿ ಅರ್ಪಿಸಿದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ವಾಚನಗಳು: ಪ್ರೇಷಿತರ ಕಾರ್ಯಕಲಾಪಗಳು 11:21-26, 13:1-3. ಮತ್ತಾಯ 10:7-13)



ಮಿರಗದ ಮಳೆ ಶುರುವಾಗುವ ಹೊತ್ತು. ಶಾಲೆಗಳು ತೆರೆದಿವೆ. ಬೀಜ, ಗೊಬ್ಬರ, ಪಾಟಿಚೀಲ, ಫೀಸು ಎಲ್ಲವೂ ಒಂದೇ ತಿಂಗಳಲ್ಲಿ ಬಂದು ಬಾಗಿಲಿಗೆ ನಿಲ್ಲುತ್ತವೆ. ಇಂಥ ದಿನಗಳಿಗೆಂದೇ ನೀವು ಹತ್ತಾರು ಮನೆಯವರು ಸೇರಿ ಪ್ರತಿ ತಿಂಗಳೂ ಒಂದಿಷ್ಟು ಹಣ ಕೂಡಿಸುತ್ತಿದ್ದೀರಿ. ಆ ಹಣವನ್ನು ನೋಡಿಕೊಳ್ಳಲು ಮೂವರನ್ನು ಆರಿಸುವುದು ಬರುವ ಭಾನುವಾರ ಎಂದು ಮಾತಾಗಿದೆ. ಹೋದ ಸಲ ಈ ವಿಷಯ ಬಂದಾಗ ಮಾತು ಸ್ವಲ್ಪ ಏರಿತ್ತು, ಇಬ್ಬರು ಊಟ ಮಾಡದೆ ಎದ್ದು ಹೋದರು. ನನಗೆ ನೆನಪಿದೆ, ನಿಮಗೂ ಇದೆ. ಆದ್ದರಿಂದ ಈ ಹಬ್ಬದ ದಿನ ಸುತ್ತಿಬಳಸದೆ ಆ ವಿಷಯವನ್ನೇ ಮಾತಾಡುತ್ತೇನೆ. ಸಂತ ಬಾರ್ನಬರು ಇದಕ್ಕೆ ತಕ್ಕ ಸಂತರು.

ಈಗ ಕೇಳಿದ ಶುಭಸಂದೇಶದಲ್ಲಿ ಒಂದು ಸಣ್ಣ ಮಾತನ್ನು ನಾವು ಸಾಮಾನ್ಯವಾಗಿ ದಾಟಿ ಹೋಗುತ್ತೇವೆ. ಯೇಸುಸ್ವಾಮಿ ಶಿಷ್ಯರನ್ನು ಕಳುಹಿಸುವಾಗ ಜೇಬಿನಲ್ಲಿ ಹಣ ಬೇಡ, ಜೋಳಿಗೆ ಬೇಡ ಎಂದದ್ದು ಎಲ್ಲರಿಗೂ ನೆನಪಿರುತ್ತದೆ. ಅದರ ಜೊತೆಗೇ ಇನ್ನೊಂದು ಮಾತಿದೆ: ಯಾವ ಊರಿಗೆ ಹೋದರೂ ಅಲ್ಲಿ ಯೋಗ್ಯರಾದವರು ಯಾರು ಎಂದು ಮೊದಲು ವಿಚಾರಿಸಬೇಕು, ಆಮೇಲೆ ಅಂಥವರ ಮನೆಯಲ್ಲಿ ತಂಗಬೇಕು. ವಿಚಾರಿಸಬೇಕು ಎನ್ನುವವರು ಯಾರು? ಮನುಷ್ಯರ ಹೃದಯವನ್ನು ಓದಬಲ್ಲ ಸ್ವಾಮಿ. ಪ್ರೀತಿ ಎಲ್ಲರ ಮೇಲೂ ಇರಲಿ, ಶಾಂತಿಯನ್ನು ಎಲ್ಲರಿಗೂ ಕೋರಿ. ಆದರೆ ಯಾರ ಮನೆಯಲ್ಲಿ ನಿಂತು ಸೇವೆ ಮಾಡುತ್ತೀರಿ ಎಂಬುದನ್ನು ಮಾತ್ರ ಕೇಳಿ ತಿಳಿದುಕೊಳ್ಳಿ.

ನಾವು ಎಲ್ಲದರಲ್ಲೂ ಹೀಗೆ ವಿಚಾರಿಸುವವರೇ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ನಮ್ಮ ಪಕ್ಕದ ಮುಧೋಳದ ನಾಯಿ ದೇಶಕ್ಕೇ ಹೆಸರಾದದ್ದು. ಅದರ ಒಂದು ಮರಿ ತರುವವನೂ ತಾಯಿ ಯಾವುದು, ತಂದೆ ಯಾವುದು ಎಂದು ಕೇಳಿಯೇ ತರುತ್ತಾನೆ. ದೇವರ ಕೆಲಸಕ್ಕೆ ಜೊತೆಗಾರರನ್ನು ಆರಿಸುವಾಗ ಮಾತ್ರ ನಮಗೆ ಅದೆಲ್ಲ ಮರೆತು ಹೋಗುತ್ತದೆ. ಮೈಕು ಹಿಡಿದು ಚೆನ್ನಾಗಿ ಮಾತಾಡುವವನು ಸಾಕು. ಇಲ್ಲವೇ ನಮ್ಮ ಓಣಿಯವನು, ನಮ್ಮ ಬೀಗರ ಕಡೆಯವನು ಸಾಕು.

ಬಾರ್ನಬರು ಹನ್ನೆರಡು ಮಂದಿಯಲ್ಲಿ ಒಬ್ಬರಲ್ಲ. ಸೈಪ್ರಸ್ ದ್ವೀಪದವರು, ಲೇವಿ ಕುಲದವರು, ಹುಟ್ಟುಹೆಸರು ಜೋಸೆಫ್. ಜನರಿಗೆ ಧೈರ್ಯ ತುಂಬುವ ಗುಣವನ್ನು ಕಂಡು ಪ್ರೇಷಿತರೇ ಅವರಿಗೆ ಬಾರ್ನಬ ಎಂದು ಹೆಸರಿಟ್ಟರು. ಅವರನ್ನು ನಾವು ಮೊದಲು ಕಾಣುವುದು ಎಲ್ಲಿ? ದೊಡ್ಡ ಪ್ರಸಂಗ ಮಾಡುವಲ್ಲಿ ಅಲ್ಲ. ಒಂದು ಹೊಲ ಮಾರಿ, ಬಂದ ಹಣವನ್ನು ತಂದು ಪ್ರೇಷಿತರ ಪಾದದ ಬಳಿ ಇಟ್ಟು ಹೋಗುತ್ತಾರೆ. ಇದು ನಾಲ್ಕನೆಯ ಅಧ್ಯಾಯದ ಕೊನೆ. ಐದನೆಯ ಅಧ್ಯಾಯ ತೆರೆದರೆ ಅನನೀಯ ಮತ್ತು ಅವನ ಹೆಂಡತಿ ಸಫೈರ. ಅವರೂ ಹೊಲ ಮಾರಿದರು, ಅವರೂ ಹಣ ತಂದರು. ಒಂದು ಭಾಗ ಮನೆಯಲ್ಲಿಟ್ಟು, ಇಷ್ಟೇ ಬಂತು ಎಂದರು. ಹೊಲ ಮಾರಲೇಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪೇತ್ರರು ಅದನ್ನೇ ಕೇಳುತ್ತಾರೆ: ಹೊಲವೂ ನಿನ್ನದು, ಹಣವೂ ನಿನ್ನದು, ಸುಳ್ಳು ಏಕೆ ಬೇಕಿತ್ತು? ಸಂತ ಲೂಕರು ಈ ಎರಡು ಮನೆಯ ಕಥೆಯನ್ನು ಬೇಕೆಂದೇ ಅಕ್ಕಪಕ್ಕ ಇಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಇಬ್ಬರೂ ದಾನಿಗಳೇ. ಗುರುಮಠದಲ್ಲಿ ಓದುವಾಗ ನಮಗೆ ಈ ಭಾಗವನ್ನು ಆದಿ ಧರ್ಮಸಭೆಯ ಹಂಚಿ ಬಾಳುವ ಜೀವನ ಎಂದು ಕಲಿಸಿದರು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ಪಡೆದೆ. ಅದರಲ್ಲಿ ಲೆಕ್ಕದ ಪಾಠವೂ ಇದೆ ಎಂದು ತಿಳಿದದ್ದು ಮಾತ್ರ ಬಹಳ ತಡವಾಗಿ.

ಹೇಗೆ ತಿಳಿಯಿತು ಎಂದು ಹೇಳುತ್ತೇನೆ. ಊರಿನ ಹೆಸರು ಬೇಡ, ಇಲ್ಲಿಂದ ದೂರದ ಊರು. ನಾನು ಸ್ವತಂತ್ರವಾಗಿ ಧರ್ಮಕೇಂದ್ರ ವಹಿಸಿಕೊಂಡ ಮೊದಲ ವರ್ಷಗಳು. ಚರ್ಚಿನ ಪಕ್ಕ ಒಂದು ಅಡಿಗೆಮನೆ ಮತ್ತು ಕಂಪೌಂಡ್ ಗೋಡೆ ಕಟ್ಟಿಸುವುದೆಂದು ನಿರ್ಧಾರವಾಯಿತು. ಪಾಲನಾ ಸಮಿತಿಯಲ್ಲಿ ಇಬ್ಬರಿದ್ದರು. ಒಬ್ಬ ಬಹಳ ಚುರುಕು. ನನ್ನ ಚೀಲ ತಾನೇ ಹಿಡಿಯುತ್ತಿದ್ದ, ಕಚೇರಿಗಳಲ್ಲಿ ಅವನಿಗೆ ಪರಿಚಯ, ನನ್ನ ಪ್ರಬೋಧನೆ ಮುಗಿದ ಕೂಡಲೇ ಬಂದು ಹೊಗಳುತ್ತಿದ್ದ. "ಫಾದರ್, ನೀವು ಪೂಜೆ ನೋಡಿಕೊಳ್ರಿ, ಲೆಕ್ಕದ ತಾಪತ್ರಯ ನಮಗ ಬಿಡ್ರಿ" ಎನ್ನುತ್ತಿದ್ದ. ಇನ್ನೊಬ್ಬರು ನಿವೃತ್ತ ಪೋಸ್ಟ್‌ಮನ್, ವಯಸ್ಸಾದವರು. ಪ್ರತಿ ಸಭೆಯಲ್ಲಿ ಅವರದು ಒಂದೇ ಪ್ರಶ್ನೆ: "ಪಾವತಿ ಎಲ್ಲೈತ್ರಿ ಫಾದರ್?" ಸಿಮೆಂಟು ಬಂದರೆ ಪಾವತಿ ಎಲ್ಲಿ, ಉಸುಕು ಬಂದರೆ ಪಾವತಿ ಎಲ್ಲಿ. ನನಗೆ ಅವರ ಧ್ವನಿ ಕೇಳಿದರೆ ತಲೆನೋವು ಬರುತ್ತಿತ್ತು. ಸಮಿತಿ ಹೊಸದಾಗಿ ರಚಿಸುವ ಸಮಯ ಬಂದಾಗ, ಅಜ್ಜನಿಗೆ ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದು ಹೇಳಿ ಅವರ ಹೆಸರನ್ನು ಬಿಟ್ಟೆ. ಸುಳ್ಳು ಹೇಳಿದೆ, ಪ್ರಿಯರೇ. ಅವರಿಗೆ ವಿಶ್ರಾಂತಿ ಬೇಕಿರಲಿಲ್ಲ, ನನಗೆ ಬೇಕಿತ್ತು.

ಒಂದು ವರ್ಷ ಕಳೆಯುವುದರೊಳಗೆ ಅಂಗಡಿಯವನು ಬಾಕಿ ಕೇಳಲು ಬಂದ. ನಮ್ಮ ಪುಸ್ತಕದಲ್ಲಿ ಬರೆದಷ್ಟು ಚೀಲ ಸಿಮೆಂಟನ್ನು ಅವನು ಕೊಟ್ಟೇ ಇರಲಿಲ್ಲ. ಕೊಟ್ಟಿದ್ದಕ್ಕೆ ಹಣ ಮುಟ್ಟಿರಲಿಲ್ಲ. ಗೋಡೆ ಅರ್ಧಕ್ಕೆ ನಿಂತಿತ್ತು. ವಿಷಯ ಊರಲ್ಲಿ ಹರಡಿತು. ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಬಂದರು. ಬೇರೆಯವರ ಹೊಲದಲ್ಲಿ ಕಳೆ ತೆಗೆಯುವ ಹೆಂಗಸು, ಗಂಡ ಇಲ್ಲ. ಮಗಳ ಕಿವಿಯೋಲೆಗೆಂದು ಕೂಡಿಟ್ಟಿದ್ದರಲ್ಲಿ ಐನೂರು ರೂಪಾಯಿ ಕೊಟ್ಟಿದ್ದರು. ಸಿಟ್ಟಿನಿಂದ ಕೇಳಲಿಲ್ಲ, ಅಳಲೂ ಇಲ್ಲ. "ಫಾದರ್, ನನ್ನ ಐನೂರು ಗೋಡ್ಯಾಗ ಐತೋ, ಇಲ್ಲೋ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಆ ಸಂಜೆ ಪೋಸ್ಟ್‌ಮನ್ ಅಜ್ಜನ ಮನೆಗೆ ಹೋದೆ. ಅಜ್ಜ ಚಹಾ ಮಾಡಿಸಿದರು. ಆಮೇಲೆ ಒಳಗಿನಿಂದ ಹಳೆಯ ಕ್ಯಾಲೆಂಡರು ತಂದರು. ಚರ್ಚಿನ ಎದುರಿಗೇ ಅವರ ಮನೆ. ಯಾವ ದಿನ ಎಷ್ಟು ಚೀಲ ಇಳಿಯಿತು ಎಂದು ಆಯಾ ತಾರೀಖಿನ ಮನೆಯಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದರು. ಸಮಿತಿಯಿಂದ ತೆಗೆದ ಮೇಲೂ ಬರೆದಿದ್ದರು. ನಾನು ಕ್ಷಮೆ ಕೇಳಿದೆ. ಅಜ್ಜ ಹೇಳಿದ್ದು ಇಷ್ಟೆ: "ನಾ ನಿಮ್ಮನ್ನ ಸಂಶಯ ಮಾಡಿದ್ದಿಲ್ರಿ ಫಾದರ್. ನಾಳೆ ಯಾರೂ ನಿಮ್ಮನ್ನ ಸಂಶಯ ಮಾಡಬಾರದಂತ ಕೇಳತಿದ್ದೆ."

ಸಂತ ಪೌಲರು ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯವನ್ನು ಆ ರಾತ್ರಿ ಮತ್ತೆ ತೆರೆದೆ. ಜೆರುಸಲೇಮಿನ ಬಡವರಿಗಾಗಿ ಪೌಲರು ಊರೂರಿನಿಂದ ಹಣ ಕೂಡಿಸುತ್ತಿದ್ದ ಕಾಲ. ಆ ಹಣವನ್ನು ಒಬ್ಬರೇ ಒಯ್ಯುವುದಿಲ್ಲ. ತೀತನನ್ನು ಕಳುಹಿಸುತ್ತಾರೆ, ಅವನ ಜೊತೆಗೆ ಸಭೆಗಳೆಲ್ಲ ಮೆಚ್ಚಿ ಆರಿಸಿದ ಇನ್ನೊಬ್ಬ ಸಹೋದರನನ್ನು ಕಳುಹಿಸುತ್ತಾರೆ, ಸಾಲದೆಂದು ಅನೇಕ ಸಲ ಪರೀಕ್ಷಿಸಿ ನೋಡಿದ ಮೂರನೆಯವನನ್ನೂ ಸೇರಿಸುತ್ತಾರೆ. ಏಕೆ? ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ನಮ್ಮ ಮೇಲೆ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಮ್ಮ ನಡತೆ ಸರಿಯಾಗಿ ಕಾಣಬೇಕು ಎಂಬುದು ಅವರ ಕಾರಣ. "ದೇವರಿಗೆ ಗೊತ್ತು, ಅಷ್ಟು ಸಾಕು" ಎನ್ನುವ ಮಾತನ್ನು ನಾವು ಎಷ್ಟು ಸುಲಭವಾಗಿ ಆಡುತ್ತೇವೆ! ಸಂತ ಪೌಲರಿಗೆ ಅಷ್ಟು ಸಾಕಾಗಲಿಲ್ಲ. ಪೋಸ್ಟ್‌ಮನ್ ಅಜ್ಜನಿಗೂ ಸಾಕಾಗಲಿಲ್ಲ.

ಒಳ್ಳೆಯ ಜೊತೆಗಾರ ಅಂದರೆ ನನಗೆ ಮೊದಲು ಇದು. ನನ್ನ ಮುಖದ ಮುಂದೆ ಪ್ರಶ್ನೆ ಕೇಳುವವನು, ನನ್ನ ಬೆನ್ನ ಹಿಂದೆ ನನ್ನ ಹೆಸರನ್ನು ಕಾಯುವವನು. ಹೆಚ್ಚು ಜನ ಇದರ ತಿರುವುಮುರುವು. ಮುಂದೆ ಹೊಗಳಿಕೆ, ಹಿಂದೆ ಪ್ರಶ್ನೆ.

ಇನ್ನು ನಮ್ಮ ನೆಲದ ಮಾತಿಗೆ ಬರುತ್ತೇನೆ. ಕೃಷ್ಣೆಯ ನೀರನ್ನು ಎತ್ತಿ ಬಬಲೇಶ್ವರದ ಕಡೆ ಒಯ್ಯುವ ಏತ ನೀರಾವರಿ ಯೋಜನೆಯ ಹೆಸರಿನಲ್ಲೇ ತುಬಚಿ ಇದೆ. ಅದು ಸರ್ಕಾರದ ಕೆಲಸ. ಅದಕ್ಕೂ ಎಷ್ಟೋ ಮೊದಲು, ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆ ಬೇಸಿಗೆಯಲ್ಲಿ ಬತ್ತುತ್ತಿತ್ತು, ನಿಂತ ಬೆಳೆ ಒಣಗುತ್ತಿತ್ತು. ಸರ್ಕಾರದ ಹಣಕ್ಕೆ ಕಾಯುತ್ತ ಕೂಡದೆ ಕೃಷ್ಣಾ ತೀರದ ರೈತರು ಸಂಘ ಕಟ್ಟಿದರು. ಹಣ ತಾವೇ ಹಾಕಿದರು, ಕಲ್ಲುಮಣ್ಣು ತಾವೇ ಹೊತ್ತರು. 1989ರಲ್ಲಿ ನೀರು ನಿಂತಿತು. ಶ್ರಮಬಿಂದು ಸಾಗರ ಎಂಬ ಹೆಸರು ಬಂತು. ಮುಂದೆ ನಿಂತಿದ್ದ ಸಿದ್ದು ನ್ಯಾಮಗೌಡರನ್ನು ಜನ ಬ್ಯಾರೇಜ್ ಸಿದ್ದು ಎಂದೇ ಕರೆದರು. 1991ರಲ್ಲಿ ಅವರು ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಬಂದದ್ದು, 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು ನಿಮಗೆ ಗೊತ್ತಿರುವ ವಿಷಯ. ರಾಜಕೀಯ ನನಗೆ ಬೇಡ. ನಾನು ಕೇಳುವುದು ಒಂದೇ. ಮಳೆ ನಂಬಿ ಬದುಕುವ ಒಬ್ಬ ರೈತ, ಮನೆಯಲ್ಲಿ ನೂರು ಅಡಚಣೆ ಇರುವವನು, ನದಿಗೆ ಹಾಕುವ ಗೋಡೆಗೆಂದು ತನ್ನ ಗಂಟು ಬಿಚ್ಚಿ ಕೊಡಬೇಕಾದರೆ ಅವನಿಗೆ ಏನು ಬೇಕು? ಎಂಜಿನಿಯರನ ನಕ್ಷೆ ನೋಡಿ ಕೊಡುವುದಿಲ್ಲ, ಅದು ಅವನಿಗೆ ತಿಳಿಯುವುದಿಲ್ಲ. ಹಣ ತೆಗೆದುಕೊಳ್ಳುವ ಕೈ ಯಾರದು ಎಂದು ನೋಡಿ ಕೊಡುತ್ತಾನೆ. ಪಕ್ಕದ ಹೊಲದವನೂ ಹಾಕಿದ್ದಾನೆಯೇ ಎಂದು ನೋಡಿ ಕೊಡುತ್ತಾನೆ. ಸಿಮೆಂಟಿಗಿಂತ ಮೊದಲು ಅಲ್ಲಿ ನಂಬಿಕೆ ನಿಲ್ಲಬೇಕಾಯಿತು.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಹೆಸರಾಗಿದೆ. 1904ರ ಕಾನೂನಿನ ಪ್ರಕಾರ ಅಂದಿನ ಹಳ್ಳಿಯ ಸಂಘಗಳಲ್ಲಿ ಒಂದು ಕಠಿಣ ನಿಯಮವಿತ್ತು: ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘದ ಸಾಲ ತೀರದಿದ್ದರೆ ಎಲ್ಲ ಸದಸ್ಯರೂ ತಮ್ಮ ಸ್ವಂತ ಆಸ್ತಿಯಿಂದ ತುಂಬಬೇಕು. ಯೋಚಿಸಿ. ಒಬ್ಬ ಕುಡುಕನನ್ನು, ಒಬ್ಬ ಸುಳ್ಳನನ್ನು ನಮ್ಮವನು ಎಂದು ಒಳಗೆ ಸೇರಿಸಿಕೊಂಡರೆ ನಿಮ್ಮ ಮನೆಯ ತೊಲೆಗೆ ಅಪಾಯ. ಹಾಗಾಗಿ ಸದಸ್ಯನನ್ನು ಸೇರಿಸುವ ಮೊದಲು ಅವನ ನಡೆನುಡಿ ನೋಡುವುದು ಎಲ್ಲರ ಅಗತ್ಯವಾಗಿತ್ತು. ಇಂದು ನಮ್ಮ ತಾಯಂದಿರ ಸ್ವಸಹಾಯ ಸಂಘಗಳಲ್ಲೂ ಅದೇ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ತಲೆ ತಗ್ಗಿಸಬೇಕಾಗುತ್ತದೆ. ತಾಯಂದಿರಿಗೆ ಈ ಪ್ರಬೋಧನೆ ಬೇಕಾಗಿಲ್ಲ ಎಂದು ನನಗೆ ಗೊತ್ತು. ಗಂಡಸರು ಕೇಳಲಿ ಎಂದು ಹೇಳುತ್ತಿದ್ದೇನೆ.

ನಮ್ಮ ಧರ್ಮಸಭೆಯಲ್ಲೂ ಈ ಎಚ್ಚರ ಹೊಸದಲ್ಲ. ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಗುರ್ಕಾರರು ಎಂಬ ಪದ್ಧತಿ ಹಿಂದಿನಿಂದ ಬಂದಿದೆ. ಒಳ್ಳೆಯ ನಡತೆಯ ಗೃಹಸ್ಥರನ್ನು ಆರಿಸಿ ಆ ಭಾಗದ ಮನೆಗಳ ಯೋಗಕ್ಷೇಮ ನೋಡುವ ಜವಾಬ್ದಾರಿ ಕೊಡುತ್ತಿದ್ದರು. ಇಂದಿಗೂ ಅಲ್ಲಿನ ವಾರ್ಡುಗಳಲ್ಲಿ ಗುರ್ಕಾರರು ಇದ್ದಾರೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝಾನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರ ಮನೆಗೆ ಒಬ್ಬೊಬ್ಬರಾಗಿ ಹೋಗುವುದಿಲ್ಲ, ಇಬ್ಬಿಬ್ಬರಾಗಿ ಹೋಗುತ್ತಾರೆ. ಯೇಸುಸ್ವಾಮಿ ಶಿಷ್ಯರನ್ನು ಕಳುಹಿಸಿದ್ದೂ ಇಬ್ಬಿಬ್ಬರಾಗಿಯೇ. ಒಬ್ಬನಿಗೆ ಆಯಾಸವಾದರೆ ಇನ್ನೊಬ್ಬ. ಒಬ್ಬನಿಗೆ ಆಸೆ ಹುಟ್ಟಿದರೂ ಇನ್ನೊಬ್ಬ.

ಹಾಗಾದರೆ ಚೆನ್ನಾಗಿ ಆರಿಸಿದರೆ ಮೋಸವೇ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಯೇಸುಸ್ವಾಮಿ ಇಡೀ ರಾತ್ರಿ ಪ್ರಾರ್ಥಿಸಿ ಹನ್ನೆರಡು ಮಂದಿಯನ್ನು ಆರಿಸಿದರು. ಅವರಲ್ಲಿ ಹಣದ ಚೀಲ ಹಿಡಿದವನೇ ಕಳ್ಳನಾಗಿದ್ದ ಎಂದು ಸಂತ ಯೊವಾನ್ನರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಈ ಮಾತು ನನಗೆ ಒಂದು ರೀತಿಯಲ್ಲಿ ಸಮಾಧಾನ, ಒಂದು ರೀತಿಯಲ್ಲಿ ಭಯ. ಇದರ ಪೂರ್ತಿ ಅರ್ಥ ನನಗೆ ತಿಳಿದಿದೆ ಎಂದು ಹೇಳಲಾರೆ.

ಆದರೆ ಬಾರ್ನಬರ ಕಥೆ ಇಲ್ಲಿಗೆ ನಿಂತರೆ ಅರ್ಧವೇ ಆಯಿತು. ಸೌಲನನ್ನು ನೆನೆಯಿರಿ. ಕ್ರೈಸ್ತರನ್ನು ಮನೆಯಿಂದ ಎಳೆದು ಸೆರೆಗೆ ಹಾಕಿಸಿದವನು ಈಗ ಬಂದು ನಾನೂ ಶಿಷ್ಯ ಎನ್ನುತ್ತಾನೆ. ಜೆರುಸಲೇಮಿನಲ್ಲಿ ಎಲ್ಲರೂ ಹೆದರಿ ದೂರ ಸರಿದರು. ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. ನಾವಾಗಿದ್ದರೂ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಬಾರ್ನಬರು ಮಾತ್ರ ಅವನ ಕೈಹಿಡಿದು ಪ್ರೇಷಿತರ ಬಳಿ ಕರೆದೊಯ್ದರು. ಕುರುಡು ನಂಬಿಕೆಯಿಂದಲ್ಲ. ದಾರಿಯಲ್ಲಿ ಅವನಿಗೆ ಪ್ರಭುವಿನ ದರ್ಶನವಾದದ್ದನ್ನೂ ದಮಸ್ಕದಲ್ಲಿ ಅವನು ಧೈರ್ಯದಿಂದ ಬೋಧಿಸಿದ್ದನ್ನೂ ವಿವರವಾಗಿ ಹೇಳಿದರು. ಅಂದರೆ ಅವರು ವಿಚಾರಿಸಿದ್ದರು! ಹೊಲ ಮಾರಿ ಪೂರ್ತಿ ಹಣ ತಂದಿಟ್ಟ ಮನುಷ್ಯ ಈಗ ತನ್ನ ಹೆಸರನ್ನು ಇನ್ನೊಬ್ಬನಿಗಾಗಿ ಜಾಮೀನು ಕೊಟ್ಟರು. ಆ ಹೆಸರಿಗೆ ಬೆಲೆ ಇದ್ದುದರಿಂದ ಪ್ರೇಷಿತರು ಬಾಗಿಲು ತೆರೆದರು. ಆಮೇಲೆ ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಿದಾಗ, ಊರಿಗೆ ಹೋಗಿ ಕುಳಿತಿದ್ದ ಸೌಲನನ್ನು ಹುಡುಕಿಕೊಂಡು ತಾರ್ಸದ ತನಕ ಹೋದರು. ಅಂತಿಯೋಕ್ಯದ ಜನ ಬರಗಾಲಕ್ಕೆಂದು ಹಣ ಕೂಡಿಸಿ ಜೆರುಸಲೇಮಿಗೆ ಕಳುಹಿಸಿದಾಗ ಅದನ್ನು ಯಾರ ಕೈಯಲ್ಲಿ ಕೊಟ್ಟರು? ಬಾರ್ನಬ ಮತ್ತು ಸೌಲ, ಇಬ್ಬರ ಕೈಯಲ್ಲಿ. ಸೆರೆಗೆ ಹಾಕಿಸಲು ಬಂದಿದ್ದ ಕೈಯಲ್ಲಿ ಈಗ ಬಡವರ ಹಣ.

ಯೊವಾನ್ನ ಮಾರ್ಕನ ವಿಷಯವೂ ಹಾಗೆಯೇ. ಮೊದಲ ಪ್ರಯಾಣದಲ್ಲಿ ನಡುದಾರಿಯಲ್ಲಿ ಬಿಟ್ಟು ಹೋದ ಹುಡುಗ. ಮತ್ತೆ ಹೊರಡುವಾಗ ಪೌಲರು ಅವನು ಬೇಡವೇ ಬೇಡ ಎಂದರು. ಬಾರ್ನಬರು ಬೇಕು ಎಂದರು. ಜಗಳವಾಗಿ ಇಬ್ಬರೂ ಬೇರೆಯಾದರು. ಯಾರು ಸರಿ? ನಾನು ಗುರುಮಠದಲ್ಲಿದ್ದಾಗ ಬಾರ್ನಬರ ಪಕ್ಷ. ಆ ಗೋಡೆಯ ಪ್ರಕರಣವಾದ ಮೇಲೆ ಕೆಲವು ವರ್ಷ ಪೌಲರ ಪಕ್ಷ. ಈಗ ಎರಡೂ ಬೇಕು ಅನ್ನಿಸುತ್ತದೆ. ಮಾರ್ಕನನ್ನು ಬಾರ್ನಬರು ಒಂಟಿಯಾಗಿ ಕಳುಹಿಸಲಿಲ್ಲ, ತಮ್ಮ ಪಕ್ಕದಲ್ಲೇ ಇಟ್ಟುಕೊಂಡು ಸೈಪ್ರಸ್ಸಿಗೆ ಕರೆದೊಯ್ದರು. ಎಡವಿದವನಿಗೆ ಜೊತೆ ಬೇಕು, ಇಂದೇ ಬೇಕು. ಬೀಗದ ಕೈ ಸ್ವಲ್ಪ ಕಾಯಬಹುದು. ವರ್ಷಗಳು ಕಳೆದ ಮೇಲೆ ಸೆರೆಯಲ್ಲಿದ್ದ ಪೌಲರೇ ತಿಮೊಥೇಯನಿಗೆ ಬರೆಯುತ್ತಾರೆ, ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಬೇಕು ಎಂದು.

ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ಆ ಚುರುಕು ಮನುಷ್ಯ ಸ್ವಲ್ಪ ಹಣ ಕಂತಿನಲ್ಲಿ ತುಂಬಿದ, ಉಳಿದದ್ದು ಬರಲಿಲ್ಲ. ಆಮೇಲೆ ಪೂಜೆಗೆ ಬರುವುದನ್ನೇ ಬಿಟ್ಟ. ಅವನ ಹೆಂಡತಿ ಮಕ್ಕಳು ಹಿಂದಿನ ಸಾಲಿನಲ್ಲಿ ನಿಂತು, ಮುಗಿಯುವ ಮೊದಲೇ ಹೊರಟು ಹೋಗುತ್ತಿದ್ದರು. ಬಾರ್ನಬರು ತಾರ್ಸದ ತನಕ ಹೋದರು. ಅವನ ಮನೆ ಎರಡು ಓಣಿ ಆಚೆ ಇತ್ತು, ನಾನು ಹೋಗಲಿಲ್ಲ. ವರ್ಗವಾಗಿ ಬರುವ ದಿನವೂ ಹೋಗಲಿಲ್ಲ. ಅವನನ್ನು ಅಷ್ಟು ಬೇಗ ಅಷ್ಟು ದೊಡ್ಡ ಆಸೆಯ ಮುಂದೆ ಒಂಟಿಯಾಗಿ ನಿಲ್ಲಿಸಿದವನು ನಾನೇ ಅಲ್ಲವೇ? ಪಕ್ಕದಲ್ಲಿ ಪಾವತಿ ಕೇಳುವ ಅಜ್ಜ ಇದ್ದಿದ್ದರೆ ಅವನೂ ಬಹುಶಃ ಒಳ್ಳೆಯವನಾಗಿಯೇ ಉಳಿಯುತ್ತಿದ್ದ.

ಯುವಕರಿಗೆ ಒಂದು ಮಾತು. ಬೆಂಗಳೂರು, ಪುಣೆ, ಗೋವಾ ಎಂದು ಕೆಲಸಕ್ಕೆ ಹೋಗುತ್ತೀರಿ. ಕೋಣೆಯ ಗೆಳೆಯನನ್ನು ಆರಿಸುವಾಗ ಬಾಡಿಗೆ ಮಾತ್ರ ನೋಡಬೇಡಿ. ಸಾಲದ ಕಾಗದಕ್ಕೆ ಸಹಿ ಹಾಕು ಎಂದು ಯಾರಾದರೂ ಅವಸರ ಮಾಡಿದರೆ ಮನೆಗೆ ಒಂದು ಫೋನು ಮಾಡಿ. ಮದುವೆಯ ಮಾತುಕತೆಯಲ್ಲಿರುವ ಹಿರಿಯರಿಗೂ ಅಷ್ಟೇ. ಹುಡುಗನ ಪಗಾರ ಕೇಳುತ್ತೀರಿ. ಅವನು ಕೆಲಸ ಮಾಡುವ ಕಡೆ ಅವನ ಮಾತಿಗೆ ಬೆಲೆ ಇದೆಯೇ ಎಂದೂ ಕೇಳಿ.

ಇನ್ನು ಭಾನುವಾರದ ವಿಷಯ. ವಿಧವೆಯರ ಊಟದ ಹಂಚಿಕೆಯಲ್ಲಿ ಗೊಣಗಾಟವೆದ್ದಾಗ ಪ್ರೇಷಿತರು ತಾವೇ ಹೆಸರು ಹೇಳಲಿಲ್ಲ, ಒಳ್ಳೆಯ ಹೆಸರು ಪಡೆದ ಏಳು ಮಂದಿಯನ್ನು ನೀವೇ ಆರಿಸಿ ಎಂದು ಜನರಿಗೆ ಬಿಟ್ಟರು. ಅದಕ್ಕೂ ಬಹಳ ಹಿಂದೆ, ಜನರ ಭಾರ ಹೊತ್ತು ಬಳಲಿದ್ದ ಮೋಶೆಗೆ ಮಾವ ಇತ್ರೋ ಹೇಳಿದ ಬುದ್ಧಿಯೂ ಇದೇ. ಸಮರ್ಥರಿರಬೇಕು, ದೇವರಿಗೆ ಹೆದರುವವರಿರಬೇಕು, ಲಂಚವನ್ನು ದ್ವೇಷಿಸುವವರಿರಬೇಕು. ಅಳಿಯ ಮಾವನ ಮಾತು ಕೇಳಿದ, ಅದೂ ಒಂದು ಪವಾಡವೇ! ನಾನೂ ಯಾರ ಹೆಸರನ್ನೂ ಹೇಳುವುದಿಲ್ಲ. ಎಲ್ಲರಿಗೂ ಚೀಟಿ ಕೊಡುತ್ತೇನೆ, ಓದು ಬಾರದ ಹಿರಿಯರು ತಮ್ಮ ಮೊಮ್ಮಕ್ಕಳಿಂದ ಬರೆಸಲಿ. ಮೂವರಲ್ಲಿ ಒಬ್ಬರಾದರೂ ತಾಯಂದಿರು ಇರಲಿ ಎಂಬುದು ನನ್ನ ಆಸೆ, ಆಜ್ಞೆಯಲ್ಲ. ಹೋದ ಸಲ ಎದ್ದು ಹೋದ ಇಬ್ಬರ ಮನೆಗೂ ಈ ವಾರ ನಾನು ಬರುತ್ತೇನೆ. ಅವರ ಚೀಟಿ ಬೀಳದೆ ಎಣಿಕೆ ಶುರುವಾಗುವುದಿಲ್ಲ.

ಮತ್ತೊಂದು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಈ ಭಾಗದ ಊರುಗಳಿಗೆ ನೀರು ನುಗ್ಗಿದಾಗ, ಗುರುತಿಲ್ಲದ ಜನ ಎಲ್ಲಿಂದಲೋ ಕಳುಹಿಸಿದ ಅಕ್ಕಿ, ಹಾಸಿಗೆ, ಔಷಧಿಗಳನ್ನು ನೀವು ಕೈಯೊಡ್ಡಿ ತೆಗೆದುಕೊಂಡಿದ್ದೀರಿ. ಕೊಟ್ಟವರು ನಿಮ್ಮ ಮುಖ ನೋಡಿರಲಿಲ್ಲ. ನಡುವೆ ಹೊತ್ತು ತಂದವರನ್ನು ನಂಬಿ ಕೊಟ್ಟಿದ್ದರು. ಚೀಟಿಯಲ್ಲಿ ಹೆಸರು ಬರೆಯುವ ಮೊದಲು ಆ ದಿನಗಳನ್ನು ಒಂದು ಕ್ಷಣ ನೆನೆಯಿರಿ.

ಇಂದಿನ ಕಾಣಿಕೆಯ ಪೆಟ್ಟಿಗೆ ಅಲ್ಲಿ ತುಳಸಿಕಟ್ಟೆಯಂಥ ಆ ಕಲ್ಲಿನ ಮೇಲಿದೆ. ಪೂಜೆ ಮುಗಿದ ಕೂಡಲೇ ಯಾರಾದರೂ ಇಬ್ಬರು ಮುಂದೆ ಬಂದು ನನ್ನ ಎದುರಿಗೇ ಎಣಿಸಿ, ಮೊತ್ತವನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಿ. ನನಗೂ ಒಂದು ಪಾವತಿ ಕೊಡಿ. ಈಗ ಎಲ್ಲರೂ ಎದ್ದು ನಿಂತು ನಮ್ಮ ಕೋರಿಕೆಗಳನ್ನು ದೇವರ ಮುಂದಿಡೋಣ.